ಹಾರ್ಪ್‌ನ 23 ಸೆಂಟಿಮೀಟರ್ ಮೇಲೆತ್ತೋಕೆ ನಾನು ಪಟ್ಟ ಪಾಡು

ಹಾರ್ಪ್ ಮನೆಗೆ ಬರೋವರ್ಗೂ ಅದಕ್ಕೊಂದು ಸ್ಟ್ಯಾಂಡ್ ಬೇಕಾಗತ್ತೆ ಅನ್ನೋದೇ ನನ್ನ ತಲೇಲಿ ಇರ್ಲಿಲ್ಲ. ಫೋಟೋ ವಿಡಿಯೋದಲ್ಲೆಲ್ಲ ನೋಡಿದ್ದು ಆ ದೊಡ್ಡ ಪೆಡಲ್ ಹಾರ್ಪ್, 47 ತಂತಿ, 7 ಪೆಡಲ್, ಆಳೆತ್ತರ ಇರತ್ತೆ, ಅದು ತನ್ನ ಪಾಡಿಗೆ ನೆಲದ ಮೇಲೆ ನಿಂತಿರತ್ತೆ, ಬಾರಿಸೋರು ಹಿಂದೆ ಕೂತ್ಕೊಂಡು ಬಲ ಹೆಗಲಿಗೆ ಒರಗಿಸ್ಕೊಂಡ್ರೆ ಮುಗೀತು. ನಾನು ತಗೊಂಡಿದ್ದು 26 ತಂತಿಯ ಲಿವರ್ ಹಾರ್ಪ್, ಅಂದ್ರೆ ಪೆಡಲ್ ಬದ್ಲು ತಂತಿಗಳ ತಲೆ ಹತ್ರ ಸ್ವರ ಅರ್ಧ ಮೆಟ್ಟಿಲು ಏರಿಸೋ ಪುಟ್ಟ ಲಿವರ್ ಇರೋದು, ನೆಟ್ಟಗೆ ನಿಲ್ಲಿಸಿದ್ರೆ 105 ಸೆಂಟಿಮೀಟರ್, ತೂಕ ಐದೂವರೆ ಕಿಲೋ. ಅದನ್ನೂ ನೆಲದ ಮೇಲಿಟ್ಟು ಕುರ್ಚಿ ಹಾಕ್ಕೊಂಡು ಕೂತೆ ನೋಡಿ, ಹೆಗಲಿಗೆ ಬರಬೇಕಾದ್ದು ಎದೆ ಕೆಳಗೆಲ್ಲೋ ಬಂದು ತಾಗ್ತು. ಚಿಕ್ಕ ಮಗೂನ ಮಾತಾಡ್ಸೋಕೆ ಬಗ್ಗಿದ ಹಾಗೆ ಬಗ್ಗಿ ಬಗ್ಗಿ ಮೀಟಿದೆ. ಹೊಸದು ಅಲ್ವಾ, ಖುಷೀಲಿ ಮೊದಲ ದಿನ ಎರಡು ಗಂಟೆ ಬಾರಿಸಿದೆ, ಮಾರನೇ ದಿನ ಎದ್ದಾಗ ಭುಜದ ಮೂಳೆಗಳ ಮಧ್ಯೆ ಯಾರೋ ಗುದ್ದಿದ ಹಾಗಿತ್ತು.

ಮೊದಲು ಎಲ್ಲರೂ ಮಾಡೋದನ್ನೇ ಮಾಡ್ದೆ, ಸಿಕ್ಕಿದ್ದನ್ನೆಲ್ಲ ಕೆಳಗೆ ತುರುಕೋದು. ದಿಂಬು ಇಟ್ಟೆ, ವಾಲಾಡ್ತು. ದಪ್ಪ ಪುಸ್ತಕ ನಾಲ್ಕು ಇಟ್ಟೆ, ಹಿಂದಕ್ಕೆ ವಾಲಿಸಿದ ತಕ್ಷಣ ಮೇಲಿನ ಪುಸ್ತಕ ಮುಂದಕ್ಕೆ ಜಾರಿಹೋಯ್ತು. ತೊಡೆ ಮೇಲಿಟ್ಕೊಂಡೆ, ಆದ್ರೆ ಈ ಸೈಜಿಗೆ ಅದು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ, 22 ತಂತಿವರ್ಗೂ ತೊಡೆ ಮೇಲೆ ಹೇಗೋ ನಡೆಯತ್ತೆ, 26 ಆದ್ಮೇಲೆ ಅದರ ಕುತ್ತಿಗೆ, ಅಂದ್ರೆ ತಂತಿ ಸುತ್ತೋ ಪಿನ್ನುಗಳಿರೋ ಮೇಲಿನ ಬಾಗಿದ ಮರ, ನನ್ನ ಮುಖದ ಮುಂದೆ ಬಂದು ನಿಲ್ಲತ್ತೆ ಮತ್ತೆ ಎರಡೂ ಕೈ ತಂತಿ ಮೇಲಿರೋವಾಗ ಅದನ್ನ ಹಿಡ್ಕೊಳೋಕೆ ಮೂರನೇ ಕೈ ಬೇಕು.

ಆಮೇಲೆ ಹೊಳೀತು, ಹಾರ್ಪ್ ಮೇಲೆತ್ತೋ ಬದ್ಲು ನಾನೇ ಕೆಳಗೆ ಕೂತ್ರೆ? ಇದು ಪೆದ್ದು ಐಡಿಯಾ ಏನಲ್ಲ. ಡಬ್ಲಿನ್‌ನ ಟ್ರಿನಿಟಿ ಕಾಲೇಜಲ್ಲಿ ಇಟ್ಟಿರೋ ಆ ಹಳೇ ಐರಿಷ್ ಹಾರ್ಪ್ ಇದೆಯಲ್ಲ, ಐರ್ಲೆಂಡ್‌ನ ಲಾಂಛನದಲ್ಲಿ ಇರೋದೂ ಅದರ ಚಿತ್ರಾನೇ, ಅದು ನನ್ನ ಹಾರ್ಪಿಗಿಂತ ಗಿಡ್ಡ. ಅಂಥದ್ದನ್ನ ಬಾರಿಸ್ತಿದ್ದೋರು ಎಡ ಹೆಗಲಿಗೆ ಒರಗಿಸ್ಕೊಂಡು ಬಾರಿಸ್ತಿದ್ರು, ಅವರಿಗೆ ಅಡ್ಡಿ ಆಗದೇ ಇದ್ದದ್ದು ನನಗ್ಯಾಕೆ ಅಂತ 30 ಸೆಂಟಿಮೀಟರ್ ಎತ್ತರದ ಸ್ಟೂಲ್ ಮೇಲೆ ಕೂತೆ. ಹೆಗಲ ಲೆಕ್ಕ ಏನೋ ಹತ್ರ ಹತ್ರ ಸರಿ ಹೋಯ್ತು. ಆದ್ರೆ ಮಂಡಿ ಎರಡೂ ಮೇಲಕ್ಕೆ ಬಂದು ಮಧ್ಯ ಅಡ್ಡ ನಿಂತ್ವು, ಬಾಸ್ ತಂತಿ ಮೀಟೋಕೆ ಎಡಗೈ ಚಾಚಿದ್ರೆ ಮೊಣಕೈ ಮಂಡಿಗೆ ಬಡಿಯತ್ತೆ, ಇಪ್ಪತ್ತು ನಿಮಿಷಕ್ಕೆ ಸೊಂಟ ಕೈ ಕೊಡ್ತು. ಅಷ್ಟು ಕೆಳಗೆ ಕೂತು ಅಭ್ಯಾಸ ಇರೋರಿಗೆ ಇದು ಒಳ್ಳೇ ದಾರಿ ಇರಬಹುದು, ದುಡ್ಡೂ ಉಳಿಯತ್ತೆ. ನನ್ನ ಸೊಂಟ ಒಪ್ಪಲಿಲ್ಲ.

ರೆಡಿ ಸ್ಟ್ಯಾಂಡ್ ಸಿಗತ್ತಾ ಅಂತ ಹುಡುಕಿದ್ದು ಬೇರೇನೇ ಕಥೆ. ಗಿಟಾರ್ ಸ್ಟ್ಯಾಂಡ್ ಬರೀ ಇಡೋಕೆ, ಬಾರಿಸೋಕಲ್ಲ. ಕೀಬೋರ್ಡಿಂದು ಆ ಎಕ್ಸ್ ಆಕಾರದ ಸ್ಟ್ಯಾಂಡ್ ಎತ್ತರಾನೇ ಜಾಸ್ತಿ. ಹಾರ್ಪ್‌ಗೆ ಅಂತಾನೇ ಮಾಡಿದ ಸ್ಟ್ಯಾಂಡ್‌ಗಳೂ ಇವೆ, ಆದ್ರೆ ಅವು ಆಯಾ ತಯಾರಕರ ಆಯಾ ಮಾಡೆಲ್‌ಗೆ ಮಾತ್ರ, ತಳದ ಆಕಾರ ಒಂದೊಂದರದ್ದು ಒಂದೊಂಥರ, ಒಂದು ಚೌಕ, ಒಂದು ಅರ್ಧಚಂದ್ರ, ನಂದು ಹಿಂದೆ ಅಗಲ ಮುಂದೆ ಕಿರಿದು. ನನ್ನ ಹಾರ್ಪ್ ಮಾಡಿದೋರು ಕಾಲುಗಳನ್ನ ಬೇರೆಯಾಗಿ ಮಾರ್ತಿದ್ರಂತೆ, ಈಗ ಮಾಡ್ತಿಲ್ವಂತೆ. ಇನ್ನೊಬ್ಬರ ಹತ್ರ ಇದ್ದದ್ದು ಚೆನ್ನಾಗಿತ್ತು ಆದ್ರೆ ಅದರ ರೇಟ್ ಕೇಳಿ ಸುಮ್ಮನಾದೆ. ಆನೆ ತಗೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ ಅಂತೀರಾ, ಹೌದು, ಹಾಗೇ. ನಾಲ್ಕು ಕಾಲು, ಒಂದು ಹಲಗೆ, ಇದನ್ನ ನಾನೇ ಮಾಡೋಕಾಗಲ್ವಾ ಅಂತ ಜಂಬ ಬೇರೆ.

ಮೊದಲನೇದು ಪೆಟ್ಟಿಗೆ. ಅಳತೆ ಹೇಗೆ ತಗೊಂಡೆ ಅಂತ ಹೇಳ್ತೀನಿ ಕೇಳಿ, ಯಾಕಂದ್ರೆ ನನ್ನ ಇಡೀ ತಪ್ಪು ಇಲ್ಲೇ ಇರೋದು. 45 ಸೆಂಟಿಮೀಟರ್ ಎತ್ತರದ ಕುರ್ಚಿ ಮೇಲೆ, ಪಾದ ಎರಡೂ ನೆಲಕ್ಕೆ ಊರಿ, ಬೆನ್ನು ನೇರ ಮಾಡಿ ಕೂತೆ. ಸೌಂಡ್‌ಬಾಕ್ಸ್‌ನ, ಅಂದ್ರೆ ತಂತಿಗಳ ಕೆಳತುದಿ ಸಿಗಿಸಿರೋ ಟೊಳ್ಳು ಮರದ ಒಡಲಿನ, ಮೇಲಿನ ತುದಿ ನನ್ನ ಬಲ ಹೆಗಲಿಗೆ ಎಲ್ಲಿ ಬಂದು ತಾಗಿದ್ರೆ ಹಿತ ಅಂತ ನೋಡ್ಕೊಂಡು ನೆಲದಿಂದ ಅಳೆದೆ, 98. ಹಾರ್ಪ್ ನೆಟ್ಟಗೆ ನಿಲ್ಲಿಸಿ ಸೌಂಡ್‌ಬಾಕ್ಸ್ ತುದಿ ಅಳೆದೆ, 85. ಕಳೆದ್ರೆ 13. ಇಷ್ಟೇ ತಾನೇ ಅಂತ 18 ಮಿಲಿಮೀಟರ್ ಪ್ಲೈವುಡ್ ಕತ್ತರಿಸಿ 13 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಮಾಡ್ದೆ, ಅಂಟು ಹಾಕ್ದೆ, ಸ್ಕ್ರೂ ಹೊಡೆದೆ, ಮರಳು ಕಾಗದ ಉಜ್ಜಿ ಎಣ್ಣೆ ಬೇರೆ ಹಚ್ಚಿದೆ, ನೋಡೋಕೆ ಲಕ್ಷಣವಾಗಿತ್ತು. ಹಾರ್ಪ್ ಅದರ ಮೇಲಿಟ್ಟು, ಕೂತು, ಹಿಂದಕ್ಕೆ ವಾಲಿಸಿದೆ. ಇನ್ನೂ ತಗ್ಗು! ಒಂದು ಗೇಣಿನಷ್ಟು ಅಲ್ದಿದ್ರೂ ಅರ್ಧ ಗೇಣು ತಗ್ಗು. ಮತ್ತೆ ಟೇಪ್ ತಗೊಂಡು ಅಳೆದೆ, ಕುರ್ಚಿ ಅಷ್ಟೇ ಇದೆ, ಪೆಟ್ಟಿಗೆ 13 ಸರಿಯಾಗೇ ಇದೆ, ನಾನೂ ರಾತ್ರೋರಾತ್ರಿ ಬೆಳೆದಿಲ್ಲ.

ಹಾರ್ಪ್ ನೆಟ್ಟಗೆ ನಿಲ್ಲಿಸಿ ಬಾರಿಸೋ ವಾದ್ಯ ಅಲ್ಲ ಅನ್ನೋದು ನನಗೆ ಗೊತ್ತಿತ್ತು, ಆದ್ರೆ ಅಳೆಯೋವಾಗ ಮರ್ತೇ ಹೋಗಿತ್ತು. ಸೌಂಡ್‌ಬಾಕ್ಸ್ ಮೊದ್ಲೇ ಬಾರಿಸೋರ ಕಡೆ ಓರೆಯಾಗಿರತ್ತೆ, ಇಡೀ ಹಾರ್ಪನ್ನ ಹಿಂದಕ್ಕೆ ವಾಲಿಸಿ ಹೆಗಲಿಗೆ ತಂದಾಗ ಅದು ಇನ್ನೂ ಓರೆಯಾಗತ್ತೆ, ಓರೆ ಆದಷ್ಟೂ ತುದಿ ಕೆಳಗಿಳಿಯತ್ತೆ. ಗೋಡೆಗೆ ಒರಗಿಸಿದ ಏಣಿಯ ಬುಡ ಸ್ವಲ್ಪ ಹೊರಗೆ ಎಳೆದ್ರೆ ತುದಿ ಇಳಿಯಲ್ವಾ ಹಾಗೆ. ಫೋನಲ್ಲಿರೋ ಲೆವೆಲ್ ಆಪ್ ಇಟ್ಟು ನೋಡಿದೆ, ನಾನು ಬಾರಿಸೋವಾಗ ಹಾರ್ಪ್ 12 ಡಿಗ್ರಿ ಹಿಂದಕ್ಕೆ ಬಂದಿರತ್ತೆ, ಆಗ 85 ಇದ್ದದ್ದು 75 ಆಗತ್ತೆ. ಅಂದ್ರೆ ನನಗೆ ಬೇಕಾಗಿದ್ದು 13 ಅಲ್ಲ, 23. ಸ್ಟ್ಯಾಂಡ್ ಮಾಡೋಕೆ ಹೊರಟಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಹಾರ್ಪನ್ನ ವಾಲಿಸಿ, ಹೆಗಲ ಮೇಲೆ ಇಟ್ಕೊಂಡು, ಇನ್ನೊಬ್ಬರ ಕೈಲಿ ಟೇಪ್ ಕೊಟ್ಟು ಅಳೆಸಿ. ಒಬ್ಬರೇ ಅಳ್ಕೊಂಡ್ರೆ ಟೇಪ್ ನೋಡೋಕೆ ಬಗ್ತೀರಿ, ಬಗ್ಗಿದ್ರೆ ಅಳತೆ ಕೆಟ್ಟುಹೋಗತ್ತೆ.

ಪೆಟ್ಟಿಗೆಯಿಂದ ಆದ ಇನ್ನೊಂದು ಅನಾಹುತ ಇದಕ್ಕಿಂತ ಜೋರು. ತಗ್ಗಾದ್ರೂ ಪರವಾಗಿಲ್ಲ ಒಂದೆರಡು ದಿನ ಅದರಲ್ಲೇ ಬಾರಿಸೋಣ ಅಂತ ಕೂತಿದ್ದೆ. ವಾಲಿಸಿದಾಗ ಹಾರ್ಪ್‌ನ ಮುಂದಿನ ಪಾದ ಎರಡು ಎದ್ದು ಪೂರ್ತಿ ಭಾರ ಹಿಂದಿನ ಎರಡು ಪಾದದ ಮೇಲೆ ಬರತ್ತೆ ಅಲ್ವಾ, ನೆಲದ ಮೇಲಾದ್ರೆ ಅದು ಚೂರು ಜಾರಿದ್ರೂ ನೆಲಾನೇ ಇದೆ, ಪೆಟ್ಟಿಗೆ ಮೇಲೆ ಆ ಪಾದದಿಂದ ಅಂಚಿಗೆ ಇದ್ದದ್ದು ಎರಡು ಬೆರಳು ಜಾಗ ಅಷ್ಟೇ, ಅದೂ ನಾನು ಪ್ರೀತಿಯಿಂದ ಎಣ್ಣೆ ಹಚ್ಚಿ ನುಣುಪು ಮಾಡಿದ ಹಲಗೆ. ಒಂದು ತಂತಿ ಶ್ರುತಿ ಮಾಡೋಣ ಅಂತ ಮೇಲೆ ಕೈ ಚಾಚಿದೆ, ಬಲಗಡೆ ಪಾದ ಜರ್ರ್ ಅಂತ ಅಂಚು ದಾಟಿ ಕೆಳಗಿಳೀತು, ಹಾರ್ಪ್ ಗಿರಕಿ ಹೊಡೆದು ಎಡಕ್ಕೆ ವಾಲ್ತು, ನಾನು ಯೋಚನೆ ಮಾಡದೆ ಕೈಗೆ ಸಿಕ್ಕ ತಂತಿಗಳನ್ನೇ ಮುಷ್ಟಿ ಹಿಡಿದೆ. ಎಲ್ಲಾ ತಂತೀನೂ ಒಟ್ಟಿಗೆ ಕಿರುಚಿದ್ವು. ಬೀಳ್ಲಿಲ್ಲ, ಆದ್ರೆ ನಾಲ್ಕು ತಂತಿ ಶ್ರುತಿ ತಪ್ಪಿ, ಬೆರಳ ಮಡಿಕೆಯಲ್ಲಿ ಕೆಂಪು ಗೀರು ಎದ್ದು, ಎದೆ ಬಡಿತ ಹತ್ತು ನಿಮಿಷ ಇಳೀಲಿಲ್ಲ. ಈ ವಾದ್ಯದಲ್ಲಿ ತಂತಿಗಳ ಒಟ್ಟು ಎಳೆತ ನೂರಾರು ಕಿಲೋ ಇರತ್ತೆ, ಆ ಎಳೆತದ ಜತೆಗೆ ಕುತ್ತಿಗೆ ಮೇಲೆ ಒಂದು ಏಟು ಬಿದ್ರೆ ಏನಾಗತ್ತೆ ಅಂತ ಊಹೆ ಮಾಡೋಕೂ ಇಷ್ಟ ಇರ್ಲಿಲ್ಲ. ಅವತ್ತೇ ಪೆಟ್ಟಿಗೆ ಮೂಲೆ ಸೇರ್ತು. ಹಾರ್ಪ್ ಸ್ಟ್ಯಾಂಡ್ ಮೇಲೆ ವಾಲಬಾರದು, ಸ್ಟ್ಯಾಂಡ್ ಸಮೇತ ವಾಲಬೇಕು, ಎರಡೂ ಒಂದೇ ವಸ್ತು ಆಗಿರಬೇಕು. ಇಲ್ಲಾಂದ್ರೆ ಸ್ಟ್ಯಾಂಡ್‌ನ ಮೇಲ್ಮೈಯನ್ನೇ ಓರೆ ಮಾಡಿ ಹಿಂದೆ ಗಟ್ಟಿಯಾಗಿ ಒಂದು ತಡೆ ಪಟ್ಟಿ ಕೊಡಬೇಕು, ಅದೂ ಒಂದು ದಾರಿ, ಆದ್ರೆ ಆಗ ಹಾರ್ಪ್ ಒಂದೇ ಕೋನದಲ್ಲಿ ಕೂತಿರತ್ತೆ, ನನಗೆ ಬಾರಿಸೋವಾಗ ಚೂರು ಹಿಂದೆ ಮುಂದೆ ಆಡ್ಸೋ ಅಭ್ಯಾಸ.

ಎರಡನೇ ಪ್ರಯತ್ನ ಕಾಲು. ಹಾರ್ಪನ್ನ ಹಾಸಿಗೆ ಮೇಲೆ ಮಲಗಿಸಿ ತಳದ ನಾಲ್ಕು ಪುಟ್ಟ ರಬ್ಬರ್ ಪಾದ ಬಿಚ್ಚಿ ನೋಡಿದ್ರೆ ಒಳಗೆ ಲೋಹದ ಥ್ರೆಡ್ ಇನ್‌ಸರ್ಟ್, ಬೋಲ್ಟ್ ತಿರುಗಿಸೋಕೆ ಮರದೊಳಗೆ ಕೂರಿಸಿರೋ ನಟ್ ಥರದ್ದು! ಅಂದ್ರೆ ಆ ಮಾರ್ತಿದ್ದ ಕಾಲುಗಳು ಇದಕ್ಕೇ ಸಿಗಿಸೋದು. ಆವಾಗ ಆದ ಸಂತೋಷ ಹೇಳತೀರದು, ಯಾಕಂದ್ರೆ ತಳಕ್ಕೆ ನಾನಾಗಿ ಡ್ರಿಲ್ ಹಾಕೋಕೆ ನನಗೆ ಧೈರ್ಯ ಇರ್ಲಿಲ್ಲ, ಹಾಕಲೂಬಾರದು, ಒಳಗಡೆ ಯಾವ ಅಂಟು ಜೋಡಣೆ ಎಲ್ಲಿದೆ ಅಂತ ಹೊರಗಿಂದ ಕಾಣಲ್ಲ.

ಒಂದು ಎಂ8 ಬೋಲ್ಟ್ ಇತ್ತು ಮನೇಲಿ. ತಿರುಗಿಸಿದೆ, ಒಂದು ಸುತ್ತು ಸರಾಗವಾಗಿ ಹೋಯ್ತು, ಎರಡನೇ ಸುತ್ತಿಗೆ ಬಿಗಿ ಆಯ್ತು. ಧೂಳು ಇರಬೇಕು ಅಂತ ಸ್ಪ್ಯಾನರ್ ತಗೊಂಡೆ. ಇಲ್ಲಿ ನಿಲ್ಲಿಸಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಕೋಬೇಕು, ಯಾಕಂದ್ರೆ ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಿದಾಗ ಬೋಲ್ಟ್ ಜತೆ ಇನ್‌ಸರ್ಟೂ ಮರದೊಳಗೆ ಕೂದಲೆಳೆಯಷ್ಟು ತಿರುಗಿದ ಹಾಗೆ ಅನಿಸ್ತು, ಕಿರ್ ಅಂತ ಒಂದು ಸಣ್ಣ ಸದ್ದು. ಬಿಟ್ಟೆ. ಆಮೇಲೆ ಗೊತ್ತಾಗಿದ್ದು, ಅದು ಎಂ8 ಅಲ್ಲ, 5/16 ಇಂಚಿನ ಥ್ರೆಡ್. 5/16 ಇಂಚು ಅಂದ್ರೆ 7.94 ಮಿಲಿಮೀಟರ್, ಎಂ8 ಅಂದ್ರೆ 8, ಕಣ್ಣಿಗೆ ಎರಡೂ ಒಂದೇ. ಆದ್ರೆ ಥ್ರೆಡ್‌ನ ಗೆರೆ ಗೆರೆ ನಡುವಿನ ಅಂತರ ಬೇರೆ, ಎಂ8ಗೆ 1.25 ಮಿಲಿಮೀಟರ್, ಇಂಚಿಗೆ 18 ಗೆರೆ ಇರೋ 5/16ಕ್ಕೆ 1.41. ಅದಕ್ಕೇ ಮೊದಲ ಸುತ್ತು ಆಸೆ ತೋರಿಸಿ ಆಮೇಲೆ ಕಚ್ಕೊಳೋದು. ಬೆರಳಲ್ಲಿ ತಿರುಗಿಸಿ ಐದಾರು ಸುತ್ತು ಹೋಗ್ಲಿಲ್ಲ ಅಂದ್ರೆ ಅದು ಆ ಬೋಲ್ಟ್ ಅಲ್ಲ ಅಂತಾನೇ ಅರ್ಥ. ಸಣ್ಣ ಹಾರ್ಪ್‌ಗಳಲ್ಲಿ 1/4 ಇಂಚು ಇದ್ರೂ ಇದೇ ಗೋಳು, ಎಂ6 ಜತೆ ಗೊಂದಲ ಆಗತ್ತೆ.

ಸರಿಯಾದ ಬೋಲ್ಟ್ ತಂದು, ದಪ್ಪ ಕೋಲನ್ನ 23 ಸೆಂಟಿಮೀಟರ್‌ಗೆ ನಾಲ್ಕು ತುಂಡು ಮಾಡಿ, ಒಂದೊಂದರ ತಲೆಗೂ ಬೋಲ್ಟ್ ಕೂರಿಸಿ ಹಾರ್ಪಿಗೆ ಸಿಗಿಸಿದೆ. ನಿಂತ್ಕೊಂಡ್ತು. ಎತ್ತರ ಅಂದ್ರೆ ಪಕ್ಕಾ. ಹೆಗಲಿಗೆ ಬಂದು ಕೂತಾಗ ಕೈ ಎರಡೂ ತಂತಿಯ ನಡುಭಾಗಕ್ಕೆ ತಾವಾಗೇ ಹೋದ್ವು, ಮೊಣಕೈ ಕೆಳಗೆ ಜೋತು ಬೀಳ್ಲಿಲ್ಲ, ಹೆಬ್ಬೆರಳು ಮೇಲೆ ನಿಲ್ಲೋದು ಅಂತಾರಲ್ಲ ಅದು ಅವತ್ತೇ ಮೊದಲ ಸಲ ಕಷ್ಟ ಇಲ್ದೆ ಆಯ್ತು. ಇದುವರ್ಗೂ ಮಣಿಕಟ್ಟು ಸೊಟ್ಟ ಮಾಡ್ಕೊಂಡು ನಾನೇ ಸರಿಯಾಗಿ ಕಲೀತಿಲ್ಲ ಅಂದ್ಕೊಂಡಿದ್ದೆ, ತಪ್ಪು ಎತ್ತರದ್ದು.

ಆದ್ರೆ ಸುಖ ಅರ್ಧ ಗಂಟೆ ಅಷ್ಟೇ. ಆ ಇನ್‌ಸರ್ಟ್‌ಗಳು ಇರೋದು ತಳದ ಒಳಗಡೆ, ಅಗಲಕ್ಕೆ ಹೆಚ್ಚಂದ್ರೆ 18 ಸೆಂಟಿಮೀಟರ್ ದೂರ. ಅಷ್ಟು ಹತ್ತಿರ ಹತ್ತಿರ ನಾಲ್ಕು ನೇರ ಕಾಲು, ಮೇಲೆ ಒಂದು ಮೀಟರ್ ಹಾರ್ಪ್. ಕೊಕ್ಕರೆ ನಿಂತ ಹಾಗೆ. ಲಿವರ್ ಒಂದನ್ನ ಟಪ್ ಅಂತ ಎತ್ತಿದ್ರೆ ಸಾಕು ಇಡೀ ವಾದ್ಯ ಪಕ್ಕಕ್ಕೆ ಅಲ್ಲಾಡತ್ತೆ, ಆ ಅಲ್ಲಾಟದ ಬಲ ಎಲ್ಲಾ ಹೋಗಿ ಕೂರೋದು ಆ ಪುಟ್ಟ ಇನ್‌ಸರ್ಟ್ ಮೇಲೆ, ಮೊದ್ಲೇ ಒಂದು ಕಿರ್ ಅಂದಿದೆ. ಇನ್ನೊಂದು ವಿಷ್ಯ ಏನಂದ್ರೆ ನೆಲದ ಮೇಲಿದ್ದಾಗ 12 ಡಿಗ್ರಿಗೆ ವಾಲಿಸಿದ್ರೆ ಹಾರ್ಪ್ ತಾನಾಗೇ ತೂಗಿ ನಿಲ್ತಿತ್ತು, ಬೆರಳು ತೆಗೆದ್ರೂ ಒಂದು ಕ್ಷಣ ಅತ್ಲಾಗೂ ಇತ್ಲಾಗೂ ಹೋಗ್ದೆ ಇರ್ತಿತ್ತು, ಹೆಗಲ ಮೇಲೆ ಭಾರಾನೇ ಗೊತ್ತಾಗ್ತಿರ್ಲಿಲ್ಲ. ಕಾಲು ಹಾಕಿದ ಮೇಲೆ ಎಂಟು ಡಿಗ್ರಿಗೇ ಆ ಜಾಗ ದಾಟಿಬಿಡ್ತಿತ್ತು, ಅಲ್ಲಿಂದ ಮುಂದೆ ಅದು ನನ್ನ ಮೇಲೇ ವಾಲ್ಕೊಂಡು ಕೂತಿರೋದು. ಭಾರ ದೊಡ್ಡದೇನಲ್ಲ, ಆದ್ರೆ ಬಸ್ಸಲ್ಲಿ ಪಕ್ಕದೋರು ನಿದ್ದೆ ಮಾಡ್ತಾ ಹೆಗಲಿಗೆ ಒರಗಿದ್ರೆ ಹೇಗಿರತ್ತೆ, ಆ ಥರ, ಕಿರಿಕಿರಿ.

ಇದ್ಯಾಕೆ ಹೀಗೆ ಅಂತ ಒಂದು ಸಂಜೆ ಪೂರ್ತಿ ಪೇಪರ್ ಮೇಲೆ ಗೀಚಿದೆ, ಶಾಲೇಲಿ ಓದಿದ ಗುರುತ್ವ ಕೇಂದ್ರ ಕೊನೆಗೂ ಒಂದು ಉಪಯೋಗಕ್ಕೆ ಬಂತು. ನೆಲದ ಮೇಲಿದ್ದಾಗ ಹಾರ್ಪ್‌ನ ಗುರುತ್ವ ಕೇಂದ್ರ ನೆಲದಿಂದ ಸುಮಾರು 45 ಸೆಂಟಿಮೀಟರ್ ಮೇಲೆ, ಹಿಂದಿನ ಪಾದದಿಂದ 10 ಸೆಂಟಿಮೀಟರ್ ಮುಂದೆ. ವಾಲಿಸ್ತಾ ಹೋದಾಗ ಆ ಬಿಂದು ಹಿಂದಿನ ಪಾದದ ನೇರ ಮೇಲೆ ಬರೋ ಕೋನದಲ್ಲಿ ಹಾರ್ಪ್ ತೂಗಿ ನಿಲ್ಲತ್ತೆ. ಈಗ 23 ಸೆಂಟಿಮೀಟರ್ ಎತ್ತಿದ್ರೆ 45 ಇದ್ದದ್ದು 68 ಆಗತ್ತೆ, ಆದ್ರೆ ಆ 10 ಹಾಗೇ ಇದೆ, ಅದಕ್ಕೇ ಬೇಗ ತೂಗಿಬಿಡತ್ತೆ. ಮತ್ತೆ 12 ಡಿಗ್ರಿಗೇ ತರಬೇಕು ಅಂದ್ರೆ 10 ಇದ್ದದ್ದನ್ನ 15ರ ಹತ್ರ ಮಾಡಬೇಕು, ಅಂದ್ರೆ ಹಿಂದಿನ ಕಾಲುಗಳ ಪಾದ ಹಾರ್ಪ್‌ನ ಹಿಂಬದಿಗಿಂತ 5 ಸೆಂಟಿಮೀಟರ್ ನನ್ನ ಕಡೆಗೆ ಬಂದಿರಬೇಕು. ಹಿಂದೆ ಓರೆಯಾಗಿ ಚಾಚಿದ ಕಾಲು. ನೋಡಿದ ರೆಡಿ ಸ್ಟ್ಯಾಂಡ್‌ಗಳ ಫೋಟೋ ಮತ್ತೆ ತೆಗೆದು ನೋಡಿದ್ರೆ ಅವೆಲ್ಲದರಲ್ಲೂ ಹಿಂದಿನ ಕಾಲು ಹಾಗೇ ಇತ್ತು! ನಾನು ಅದನ್ನ ಬರೀ ಅಂದಕ್ಕೆ ಅಂದ್ಕೊಂಡಿದ್ದೆ.

ಪರಾಗ್ವೆ ಕಡೆ ಹಾರ್ಪ್‌ಗಳನ್ನೂ ನೋಡ್ದೆ ಈ ಮಧ್ಯೆ. ತುಂಬಾ ಹಗುರ, ಸುಮಾರು 36 ತಂತಿ, ನಿಂತ್ಕೊಂಡೂ ಬಾರಿಸ್ತಾರೆ, ಅದಕ್ಕೆ ಅಂತ ತಳದಲ್ಲಿ ಕಾಲು ಎಳೆದು ಉದ್ದ ಮಾಡ್ಕೊಳೋ ವ್ಯವಸ್ಥೆ ಇರತ್ತೆ. ಅದನ್ನ ನೋಡಿ ನನಗೂ ಎಳೆಯೋ ಕಾಲು ಮಾಡೋ ಆಸೆ ಬಂದಿದ್ದು ನಿಜ, ಒಂದು ಹಳೇ ಟ್ರೈಪಾಡ್ ಬಿಚ್ಚಿ ಹಾಕಿದೆ ಕೂಡ, ಅದು ಅಲ್ಲಾಡಿದ್ದು ನೋಡಿ ಸುಮ್ಮನೆ ಮುಚ್ಚಿಟ್ಟೆ. ಮೂರು ಕಾಲು ಎಂಥ ನೆಲದ ಮೇಲೂ ಕುಂಟಲ್ಲ ಅನ್ನೋದು ಸರಿ, ಆದ್ರೆ ಒಂಟಿ ಕಾಲು ಹಿಂದೆ ಬರೋ ಹಾಗೆ ಇಟ್ರೆ ವಾಲಿಸಿದಾಗ ಹಾರ್ಪ್ ಒಂದೇ ಬಿಂದು ಮೇಲೆ ಬುಗುರಿ ಥರ ನಿಲ್ಲತ್ತೆ. ಮೂರು ಕಾಲೇ ಬೇಕು ಅಂದ್ರೆ ಎರಡು ಹಿಂದೆ ಒಂದು ಮುಂದೆ. ನಾನು ನಾಲ್ಕಕ್ಕೇ ಅಂಟ್ಕೊಂಡೆ.

ಮೂರನೇದಕ್ಕೆ ಅವಸರ ಮಾಡ್ಲಿಲ್ಲ. ಮೊದಲು ಹಾರ್ಪ್ ತಳವನ್ನ ರಟ್ಟಿನ ಮೇಲಿಟ್ಟು ಪೆನ್ಸಿಲಲ್ಲಿ ಸುತ್ತ ಗೆರೆ ಎಳೆದು ಕತ್ತರಿಸಿದೆ. ನಾಲ್ಕು ಇನ್‌ಸರ್ಟ್ ಜಾಗ ಗುರುತು ಮಾಡೋಕೆ ಒಂದು ಉಪಾಯ ಮಾಡ್ದೆ, ಬೋಲ್ಟ್‌ಗಳ ತಲೆ ಕತ್ತರಿಸಿ ತುದಿ ಚೂಪು ಮಾಡಿ ಇನ್‌ಸರ್ಟ್ ಒಳಗೆ ಚೂರೇ ಚೂರು ಹೊರಗೆ ಕಾಣೋ ಹಾಗೆ ತಿರುಗಿಸಿ, ಅದರ ಮೇಲೆ ರಟ್ಟು ಒತ್ತಿದೆ, ನಾಲ್ಕು ಚುಕ್ಕಿ ಕರೆಕ್ಟಾಗಿ ಬಿತ್ತು. ಟೇಪಲ್ಲಿ ಅಳೆದಿದ್ರೆ ಖಂಡಿತ ಒಂದೆರಡು ಮಿಲಿಮೀಟರ್ ಆಚೆ ಈಚೆ ಆಗ್ತಿತ್ತು, ಬೋಲ್ಟ್ ವಿಷ್ಯದಲ್ಲಿ ಎರಡು ಮಿಲಿಮೀಟರ್ ಅಂದ್ರೆ ಎರಡು ಮೈಲಿ. ಆ ರಟ್ಟಿಗಿಂತ ಸುತ್ತ ಎರಡು ಸೆಂಟಿಮೀಟರ್ ದೊಡ್ಡದಾಗಿ 18 ಮಿಲಿಮೀಟರ್ ಬರ್ಚ್ ಪ್ಲೈವುಡ್ ಹಲಗೆ, ಅದರಲ್ಲಿ ನಾಲ್ಕು ತೂತು, ಕೆಳಗಿಂದ ಬೋಲ್ಟ್ ಹಾಕಿ ಹಾರ್ಪ್‌ನ ತಳಕ್ಕೆ ಬಿಗಿಯೋದು. ಕೆಲವು ಹಾರ್ಪ್‌ಗೆ ತಳದಲ್ಲೇ ಸದ್ದಿನ ತೂತು ಇರತ್ತೆ, ಅಂಥದ್ದಾದ್ರೆ ಹಲಗೆಯಲ್ಲೂ ಅಷ್ಟು ಜಾಗ ಬಿಡಬೇಕು. ನಂದಕ್ಕೆ ಹಿಂಬದಿಯಲ್ಲಿ ಮಾತ್ರ, ಬಚಾವ್.

ಕಾಲುಗಳು ಹಲಗೆಯ ಮೂಲೆಯಿಂದ ಹತ್ತು ಡಿಗ್ರಿ ಹೊರಗೆ. ಈ ಹತ್ತು ಡಿಗ್ರಿ ತರೋದೇ ದೊಡ್ಡ ತಲೆನೋವು, ಡ್ರಿಲ್ಲನ್ನ ಓರೆ ಹಿಡಿದು ನಾಲ್ಕೂ ಕಡೆ ಒಂದೇ ಥರ ತೂತು ಹಾಕೋದು ನನ್ನ ಕೈಲಿ ಆಗದ ಮಾತು. ಅದಕ್ಕೆ ಹಲಗೆಯಲ್ಲಿ ನೇರ ತೂತೇ ಹಾಕಿ, ಕಾಲು ಮತ್ತು ಹಲಗೆ ಮಧ್ಯೆ ಹತ್ತು ಡಿಗ್ರಿಗೆ ಕೊಯ್ದ ಬೆಣೆ ಕೊಟ್ಟೆ. ಬೆಣೆ ಕೊಯ್ಯೋದು ಸುಲಭ, ತಪ್ಪಾದ್ರೆ ಇನ್ನೊಂದು ಕೊಯ್ದ್ರಾಯ್ತು, ಹಲಗೆ ಹಾಳಾಗಲ್ಲ. ಮೊದಲ ಸಲ ಹಿಂದಿನ ಎಡಗಡೆ ಬೆಣೆಯನ್ನ ತಿರುಗುಮುರುಗಾಗಿ ಇಟ್ಟು ಒಂದು ಕಾಲು ಒಳಗೆ ಮೂರು ಕಾಲು ಹೊರಗೆ, ನಾಯಿ ಕಂಬ ಕಂಡಾಗ ನಿಲ್ಲತ್ತಲ್ಲ ಆ ಭಂಗಿ. ಮನೇಲಿ ಎಲ್ಲರೂ ನಕ್ಕು ಮುಗಿಸಿದ ಮೇಲೆ ಬಿಚ್ಚಿ ಸರಿ ಮಾಡ್ದೆ.

ಹಾರ್ಪ್ ಮತ್ತು ಹಲಗೆ ನಡುವೆ ಏನಾದ್ರೂ ಮೆತ್ತಂದು ಹಾಕಬೇಕಿತ್ತು. ರಬ್ಬರ್ ಶೀಟ್ ಕೈಯಲ್ಲೇ ಇತ್ತು, ಹಾಕ್ಲಿಲ್ಲ. ರಬ್ಬರ್, ಪಿವಿಸಿ ಇವೆಲ್ಲ ಕೆಲವು ಲ್ಯಾಕರ್ ಫಿನಿಶ್ ಜತೆ, ಅದ್ರಲ್ಲೂ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಜತೆ, ತಿಂಗಳುಗಟ್ಟಲೆ ಅಂಟ್ಕೊಂಡಿದ್ರೆ ಮೇಲ್ಮೈಯನ್ನ ಮೆದು ಮಾಡಿ ಕಲೆ ಬಿಡತ್ತೆ, ಗಿಟಾರ್ ಇಟ್ಕೊಂಡಿರೋ ಸುಮಾರು ಜನಕ್ಕೆ ಈ ಕಹಿ ಅನುಭವ ಇದೆ. ನನ್ನ ಹಾರ್ಪಿಗೆ ಯಾವ ಫಿನಿಶ್ ಹೊಡೆದಿದ್ದಾರೋ, ರಿಸ್ಕ್ ಯಾಕೆ ಅಂತ ಮೂರು ಮಿಲಿಮೀಟರ್ ಕಾರ್ಕ್ ಶೀಟ್ ಹಾಕ್ದೆ. ರಬ್ಬರ್ ಹೋಗಿದ್ದು ಕಾಲುಗಳ ಕೆಳಗೆ, ಅಲ್ಲಿ ಅದು ತಾಗೋದು ನೆಲಕ್ಕೆ ತಾನೇ. ಹಿಂದಿನ ಎರಡು ಕಾಲಿನ ತುದಿಯನ್ನ ಮಾತ್ರ ದುಂಡಗೆ ಮಾಡ್ದೆ, ವಾಲೋವಾಗ ಅದರ ಮೇಲೇ ಉರುಳಬೇಕಲ್ಲ, ಚೂಪು ಅಂಚು ಇದ್ರೆ ಟಕ್ ಅಂತ ಎಡವಿದ ಹಾಗೆ ಆಗತ್ತೆ.

ಜೋಡಿಸಿ, ಕೂತು, ವಾಲಿಸಿದೆ. ಹನ್ನೆರಡು ಡಿಗ್ರಿ. ಒಂದು ಬೆರಳಲ್ಲಿ ಕುತ್ತಿಗೆ ಹಿಡಿದು, ನಿಧಾನಕ್ಕೆ ಬೆರಳು ಸಡಿಲ ಬಿಟ್ಟೆ. ನಿಂತ್ಕೊಂಡ್ತು. ಬೆರಳ ತುದಿಗೆ ಏನೂ ಭಾರ ಇಲ್ಲ. ಆ ಕ್ಷಣದಲ್ಲಿ ನಾನು ಉಸಿರು ಬಿಟ್ಟಿರ್ಲಿಲ್ಲ, ಬಿಟ್ರೆ ಬಿದ್ದೋಗತ್ತೇನೋ ಅನ್ನೋ ಹಾಗೆ.

ಮುಗೀತು ಅಂದ್ಕೊಂಡು ಶ್ರುತಿ ಮಾಡಿ ಬಾರಿಸೋಕೆ ಶುರು ಮಾಡಿದ್ರೆ ಕೆಳಗಿಂದ ಆರನೇ ತಂತಿ, ಎ ಸ್ವರದ್ದು, 220 ಹರ್ಟ್ಸ್, ಅದನ್ನ ಮೀಟಿದಾಗ ಮಾತ್ರ ಝೀಂಯ್ ಅಂತ ಒಂದು ನೊಣ. ಪಕ್ಕದ ಜಿ ಮೀಟಿದ್ರೆ ಇಲ್ಲ, ಬಿ ಮೀಟಿದ್ರೂ ಇಲ್ಲ. ಹಾರ್ಪ್ ಇಟ್ಕೊಂಡಿರೋರಿಗೆ ಈ ನೊಣ ಹಿಡಿಯೋ ಆಟ ಹೊಸದಲ್ಲ. ಲಿವರ್ ಸಡಿಲ ಆಗಿದ್ಯಾ ನೋಡ್ದೆ, ಸೌಂಡ್‌ಬಾಕ್ಸ್ ಒಳಗೆ ತಂತಿ ಗಂಟಿನ ಬಾಲ ಹಲಗೆಗೆ ತಾಗ್ತಿದ್ಯಾ ಅಂತ ಟಾರ್ಚ್ ಬಿಟ್ಟು ನೋಡ್ದೆ, ಕಿಟಕಿ ಗಾಜು ಒತ್ತಿ ಹಿಡಿದೆ, ಕಿವಿಯೋಲೆ, ಕೀ ಗೊಂಚಲು, ಮೇಜಿನ ಮೇಲಿನ ಪೆನ್ ಎಲ್ಲಾ ಆಚೆ ಹಾಕ್ದೆ. ಕೊನೆಗೆ ಒಬ್ಬರಿಗೆ ಆ ತಂತಿ ಮೀಟ್ತಾ ಇರಿ ಅಂತ ಹೇಳಿ ನಾನು ನೆಲದ ಮೇಲೆ ಮಲಗಿ ಒಂದೊಂದೇ ಬೋಲ್ಟ್ ಮೇಲೆ ಬೆರಳಿಡ್ತಾ ಬಂದೆ. ಮುಂದಿನ ಬಲಗಡೆ ಬೋಲ್ಟ್ ಮೇಲೆ ಬೆರಳಿಟ್ಟ ತಕ್ಷಣ ಸದ್ದು ಸತ್ತೋಯ್ತು. ಬೋಲ್ಟ್ ಬಿಗಿಯಾಗೇ ಇತ್ತು, ಅದರ ತಲೆ ಕೆಳಗೆ ವಾಷರ್ ಎರಡು ಹಾಕಿದ್ದೆ, ಎರಡರ ಮಧ್ಯೆ ಪ್ಲೈವುಡ್ ಪುಡಿ ಒಂದು ಚೂರು ಸಿಕ್ಕಿ ಒಂದು ಪಕ್ಕ ಸಡಿಲ ಇತ್ತು. ಒಂದು ವಾಷರ್ ತೆಗೆದು ಅದರ ಜಾಗಕ್ಕೆ ಚರ್ಮದ ಬಿಲ್ಲೆ ಹಾಕ್ದೆ. ನೊಣ ಹೋಯ್ತು.

ಸದ್ದು ಜಾಸ್ತಿ ಆಗತ್ತಾ ಅಂತ ಸುಮಾರು ಜನ ಕೇಳ್ತಾರೆ. ಟೊಳ್ಳು ಪೆಟ್ಟಿಗೆ ಮೇಲಿಟ್ಟಿದ್ದಾಗ ಬಾಸ್ ಸ್ವಲ್ಪ ಗುಂಯ್ ಅಂತ ತುಂಬಿ ಬರ್ತಿತ್ತು ಅನ್ನೋದು ನಿಜ, ಆದ್ರೆ ಯಾವ ಸ್ವರ ಜೋರು ಯಾವ ಸ್ವರ ಮೆತ್ತಗೆ ಅನ್ನೋದು ಪೆಟ್ಟಿಗೆಯ ಇಷ್ಟ, ನಮ್ಮ ಇಷ್ಟ ಅಲ್ಲ. ಈಗಿನ ಕಾಲಿರೋ ಸ್ಟ್ಯಾಂಡಲ್ಲಿ ಅಂಥದ್ದೇನೂ ಇಲ್ಲ. ಆದ್ರೆ ನನ್ನ ಕಿವಿಗೆ ಹಾರ್ಪ್ ಬೇರೇನೇ ಕೇಳತ್ತೆ, ಯಾಕಂದ್ರೆ ಮೊದಲು ಕಿವಿ ಕುತ್ತಿಗೆ ಪಿನ್ನುಗಳ ಮೇಲಿತ್ತು, ಈಗ ಸೌಂಡ್‌ಬೋರ್ಡ್, ಅಂದ್ರೆ ಸೌಂಡ್‌ಬಾಕ್ಸ್‌ನ ತಂತಿ ಕಡೆ ಹಲಗೆ, ಅದರ ಪಕ್ಕಕ್ಕೆ ಬಂದಿದೆ. ಕೆಂಪು ಸಿ ತಂತಿ, ಕಪ್ಪು ಎಫ್ ತಂತಿ ಹುಡುಕೋಕೆ ಮೊದಲು ತಲೆ ಬಗ್ಗಿಸ್ತಿದ್ದೆ, ಈಗ ಕಣ್ಣು ಮಾತ್ರ ಓರೆ ಮಾಡಿದ್ರೆ ಸಾಕು. ಒಂದು ಗಂಟೆ ಕೂತ್ರೂ ಬೆನ್ನು ತಕರಾರು ಮಾಡಲ್ಲ, ಎರಡು ಗಂಟೆ ಆದ್ರೆ ಮಾಡತ್ತೆ, ಅದು ಸ್ಟ್ಯಾಂಡ್ ತಪ್ಪಲ್ಲ, ವಯಸ್ಸಿಂದು.

ಕೊರತೆ ಇಲ್ಲ ಅಂತಲ್ಲ. ಎಲ್ಲಾದ್ರೂ ತಗೊಂಡು ಹೋಗಬೇಕು ಅಂದ್ರೆ ನಾಲ್ಕು ಬೋಲ್ಟ್ ಬಿಚ್ಚಬೇಕು, ಸ್ಪ್ಯಾನರ್ ಮರೆತ್ರೆ ಮುಗೀತು ಕಥೆ, ಒಂದು ಸಲ ಮರೆತೂ ಆಗಿದೆ, ಅವತ್ತು ಮತ್ತೆ ಬಗ್ಗಿ ಬಾರಿಸಿದೆ. ಕೈಲಿ ತಿರುಗಿಸೋ ತಲೆ ಇರೋ ಬೋಲ್ಟ್ ಹಾಕಬೇಕು ಅಂತಿದ್ದೀನಿ, 5/16ದ್ದು ಸಿಕ್ಕಿದ್ರೆ. ಮತ್ತೆ ಸ್ಟ್ಯಾಂಡೇ ಎರಡು ಕಿಲೋ ಆಗಿದೆ, ಪ್ಲೈವುಡ್ 12 ಮಿಲಿಮೀಟರ್ ಸಾಕಾಗ್ತಿತ್ತೇನೋ, ಭಯಕ್ಕೆ ದಪ್ಪ ಹಾಕ್ದೆ.

ಆ ಮೊದಲ ಪೆಟ್ಟಿಗೆ ಎಸೆಯೋಕೆ ಮನಸ್ಸು ಬರ್ಲಿಲ್ಲ, ಅಷ್ಟೊಂದು ಎಣ್ಣೆ ಹಚ್ಚಿದ್ದೀನಿ. ಮೂಲೇಲಿ ಇಟ್ಟು ಮೇಲೆ ಟ್ಯೂನರ್, ಶ್ರುತಿ ಕೀ, ಬದಲಿ ತಂತಿ ಕವರ್ ಎಲ್ಲಾ ಪೇರ್ಸಿದ್ದೀನಿ. ಈಗ ತೀರಾ ಕೆಳಗಿನ ಸಿ ಜೋರಾಗಿ ಮೀಟಿದ್ರೆ ಅಲ್ಲಿಂದ ಶ್ರುತಿ ಕೀ ಗಿರ್ರ್ ಅಂತ ನಡುಗತ್ತೆ.